ಬೆಳಗ್ಗೆ ಎಂಟರ ಫೋನ್ ಕ್ಯೂ: ಚಳಿಗಾಲ ಬಂದರೆ ಜಿಪಿ ಸಿಗೋದೇ ಯಾಕಿಷ್ಟು ಕಷ್ಟ?

ಜಯನಗರ_ಟು_ಲೀಡ್ಸ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಗನಿಗೆ ನಾಲ್ಕು ವರ್ಷ. ಶನಿವಾರದಿಂದ ಜ್ವರ, ಕೆಮ್ಮು. ಸೋಮವಾರ ಸರಿಯಾಗಿ ಎಂಟಕ್ಕೆ ಸರ್ಜರಿಗೆ (ಇಲ್ಲಿ ಇಂಗ್ಲೆಂಡಿನಲ್ಲಿ ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರ್, ನೋಡುವ ಕ್ಲಿನಿಕ್ಕಿಗೆ ಹಾಗನ್ನುತ್ತಾರೆ) ಫೋನ್ ಹಚ್ಚಿದರೆ ಆಗಲೇ ಉದ್ದ ಕ್ಯೂ. ನನ್ನ ಸರದಿ ಬರುವ ಹೊತ್ತಿಗೆ ಅವತ್ತಿನ ಅಪಾಯಿಂಟ್‌ಮೆಂಟ್ ಎಲ್ಲ ಖಾಲಿ. ರಿಸೆಪ್ಷನ್‌ನವರು ಪ್ರಶ್ನೆ ಮೇಲೆ ಪ್ರಶ್ನೆ ಕೇಳಿದರು. ಕೊನೆಗೆ ಫಾರ್ಮಸಿಗೆ ಹೋಗಿ, ಜ್ವರ ಐದು ದಿನ ದಾಟಿದರೆ ಮತ್ತೆ ಫೋನ್ ಮಾಡಿ ಅಂದರು.

ವೀಸಾ ಜೊತೆ ದೊಡ್ಡವರಿಗೆ ತಲೆಗೆ ವರ್ಷಕ್ಕೆ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಕಟ್ಟಿದ್ದೇವೆ. ಮಗುವಿಗೆ 776. ಅದರ ಮೇಲೆ ಸಂಬಳದಲ್ಲಿ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆ ಕಟ್ ಆಗುತ್ತದೆ. ಇಷ್ಟು ಕೊಟ್ಟ ಮೇಲೂ ಡಾಕ್ಟರ್ ಮುಖ ನೋಡೋಕೆ ಇಷ್ಟು ಪರದಾಟ ಯಾಕೆ? ಜಯನಗರದಲ್ಲಿ ಸಂಜೆ ಕ್ಲಿನಿಕ್‌ಗೆ ಹೋಗಿ ಟೋಕನ್ ತಗೊಂಡರೆ ಒಂದು ಗಂಟೆಯೊಳಗೆ ನೋಡಿ ಕಳಿಸುತ್ತಿದ್ದರು. ಗೊತ್ತಿರುವವರು ಹೇಳಿ.

ಸುಮ್ನೆ_ಒಬ್ಬ

ಸ್ವಾಗತ ಇಂಗ್ಲೆಂಡಿಗೆ. ಜಿಪಿ ಸಿಗುವ ಹೊತ್ತಿಗೆ ಜ್ವರ ತಾನೇ ಹೋಗಿರುತ್ತದೆ, ಅದೇ ಇಲ್ಲಿನ ಚಿಕಿತ್ಸೆ. ನಾನಂತೂ ಹುಬ್ಬಳ್ಳಿಯಲ್ಲಿರುವ ನಮ್ಮ ಫ್ಯಾಮಿಲಿ ಡಾಕ್ಟರ್‌ಗೆ ವಾಟ್ಸಾಪ್ ಕಾಲ್ ಮಾಡುತ್ತೇನೆ. ಊರಿಗೆ ಹೋದಾಗ ಸೂಟ್‌ಕೇಸ್ ತುಂಬ ಮಾತ್ರೆ ತರುತ್ತೇನೆ. ಡೋಲೋ, ಅಜಿಥ್ರೋಮೈಸಿನ್ ಅನ್ನುವ ಆಂಟಿಬಯೋಟಿಕ್, ಎಲ್ಲ ಇದೆ ಮನೆಯಲ್ಲಿ.

ದಾವಣಗೆರೆ_ಜಿಪಿ

ವೆಸ್ಟ್ ಮಿಡ್‌ಲ್ಯಾಂಡ್ಸ್‌ನಲ್ಲಿ ನಾನು ಜಿಪಿ ಪಾರ್ಟ್‌ನರ್, ಅಂದರೆ ಸರ್ಜರಿಯ ಮಾಲೀಕರಲ್ಲಿ ಒಬ್ಬ. ಜಯನಗರದವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ನೀವು ಕೊಟ್ಟ ಕ್ಲಿನಿಕ್ ಉದಾಹರಣೆಯಲ್ಲೇ ಉತ್ತರ ಇದೆ. ಉದ್ದ ಬರೆಯುತ್ತೇನೆ, ಟೀ ಇಟ್ಟುಕೊಂಡು ಓದಿ.

ಊರಿನ ಕ್ಲಿನಿಕ್‌ನಲ್ಲಿ ಬಂದ ಪ್ರತಿಯೊಬ್ಬ ರೋಗಿಯೂ ಫೀಸ್ ಕೊಡುತ್ತಾರೆ. ಮಳೆಗಾಲದಲ್ಲಿ ಡೆಂಗ್ಯೂ ಜಾಸ್ತಿಯಾದರೆ ಡಾಕ್ಟರ್ ರಾತ್ರಿ ಹತ್ತರವರೆಗೆ ಬಾಗಿಲು ತೆರೆದಿರುತ್ತಾರೆ. ಕೆಲಸ ಹೆಚ್ಚಿದರೆ ದುಡ್ಡೂ ಹೆಚ್ಚುತ್ತದೆ. ಇಲ್ಲಿ ಹಾಗಲ್ಲ. ಜಿಪಿ ಸರ್ಜರಿ ಅನ್ನೋದು ಸರ್ಕಾರಿ ಆಸ್ಪತ್ರೆ ಅಲ್ಲ. 1948ರಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಶುರುವಾದಾಗಿನಿಂದ ಹೆಚ್ಚಿನ ಜಿಪಿಗಳು ಗುತ್ತಿಗೆದಾರರು. ನಮ್ಮಲ್ಲಿ ಹೆಸರು ಬರೆಸಿದ ಒಬ್ಬ ರೋಗಿಗೆ ವರ್ಷಕ್ಕೆ ಸುಮಾರು 120 ಪೌಂಡ್ ಮೂಲ ಮೊತ್ತ ಬರುತ್ತದೆ. ವಯಸ್ಸು, ಕಾಯಿಲೆ ನೋಡಿ ಸ್ವಲ್ಪ ಆಚೆ ಈಚೆ. ಲಸಿಕೆಗೆ, ಇನ್ನು ಕೆಲವು ಗುರಿಗಳಿಗೆ ಬೇರೆ ದುಡ್ಡಿದೆ. ಆದರೆ ಆ ರೋಗಿ ವರ್ಷದಲ್ಲಿ ಒಮ್ಮೆಯೂ ಬಾರದಿದ್ದರೂ ಅಷ್ಟೇ, ಮೂವತ್ತು ಸಲ ಬಂದರೂ ಅಷ್ಟೇ. ಡಿಸೆಂಬರ್‌ನಲ್ಲಿ ಜನ ದುಪ್ಪಟ್ಟು ಬಂದರೆ ನನಗೆ ಬರುವ ಹಣ ದುಪ್ಪಟ್ಟಾಗುವುದಿಲ್ಲ. ಎರಡು ತಿಂಗಳ ಮಟ್ಟಿಗೆ ಇನ್ನೊಬ್ಬ ಡಾಕ್ಟರನ್ನು ಇಟ್ಟುಕೊಳ್ಳೋಣ ಅಂದರೆ ಆ ಸಂಬಳ ನಮ್ಮ ಜೇಬಿನಿಂದಲೇ ಹೋಗಬೇಕು. ಎಂಟು ಗಂಟೆಯ ಕ್ಯೂ ಹುಟ್ಟುವುದು ಇಲ್ಲಿಂದ.

ಇದರ ಮೇಲೆ 2025ರ ಏಪ್ರಿಲ್‌ನಿಂದ ಉದ್ಯೋಗದಾತರ ನ್ಯಾಷನಲ್ ಇನ್ಶೂರೆನ್ಸ್ 13.8ರಿಂದ 15 ಶೇಕಡಾಕ್ಕೆ ಏರಿತು. ಮೊದಲು 9,100 ಪೌಂಡ್ ಸಂಬಳದ ಮೇಲೆ ಲೆಕ್ಕ ಶುರುವಾಗುತ್ತಿತ್ತು, ಈಗ 5,000ಕ್ಕೇ ಶುರು. ಆಸ್ಪತ್ರೆಗಳಿಗೆ ಸರ್ಕಾರ ಅದನ್ನು ತುಂಬಿಕೊಟ್ಟಿತು. ನಮಗೆ ವಿನಾಯಿತಿ ಸಿಗಲಿಲ್ಲ. ರಿಸೆಪ್ಷನ್, ಕ್ಲೀನರ್, ನರ್ಸ್ ಎಲ್ಲ ಸೇರಿ ಮೂವತ್ತು ಜನ ಇರುವ ಸರ್ಜರಿಗೆ ಇದು ಸಣ್ಣ ಮೊತ್ತ ಅಲ್ಲ. ಜಿಪಿಗಳ ಜೊತೆಗಿನ ಆ ವರ್ಷದ ಸರ್ಕಾರಿ ಒಪ್ಪಂದದಲ್ಲಿ 889 ಮಿಲಿಯನ್ ಪೌಂಡ್ ಜಾಸ್ತಿ ಕೊಟ್ಟರು, ನಿಜ. ಅದರಲ್ಲಿ ಒಂದು ಪಾಲು ಹೀಗೆ ಒಂದು ಕೈಯಿಂದ ಬಂದು ಇನ್ನೊಂದು ಕೈಯಿಂದ ಹೋಯಿತು.

ಇನ್ನು ಚಳಿಗಾಲದ ಕೆಲಸ ಅಂದರೆ ಬರೀ ನೆಗಡಿ, ಕೆಮ್ಮು ಅಂದುಕೊಳ್ಳಬೇಡಿ. ಅಸ್ತಮಾದವರು, ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶ ಕಾಯಿಲೆಯವರು, ಹೃದಯ ದುರ್ಬಲವಾದವರು ಈ ಕಾಲದಲ್ಲೇ ಹದಗೆಡುತ್ತಾರೆ. ಜಾರಿ ಬಿದ್ದ ಅಜ್ಜಿಯರು ಬರುತ್ತಾರೆ. ಮೂರೂವರೆ ನಾಲ್ಕಕ್ಕೆಲ್ಲ ಕತ್ತಲಾಗುವ ಊರಿನಲ್ಲಿ ಮನಸ್ಸು ಕುಗ್ಗಿ ಬರುವವರು ಬೇರೆ. ಇಂಗ್ಲೆಂಡಿನ ಆಸ್ಪತ್ರೆಗಳ ವೇಟಿಂಗ್ ಲಿಸ್ಟ್‌ನಲ್ಲಿ 70 ಲಕ್ಷಕ್ಕೂ ಜಾಸ್ತಿ ಕೇಸ್‌ಗಳಿವೆ. ಮಂಡಿ ಆಪರೇಷನ್‌ಗೆ ಕಾಯುವವರು ನೋವಿನ ಮಾತ್ರೆಗೆ ಯಾರ ಹತ್ತಿರ ಬರುತ್ತಾರೆ? ನಮ್ಮ ಹತ್ತಿರವೇ. ಆಸ್ಪತ್ರೆಯಿಂದ ಪತ್ರಗಳು ಬರುತ್ತಲೇ ಇರುತ್ತವೆ: ಈ ಬ್ಲಡ್ ಟೆಸ್ಟ್ ಮಾಡಿಸಿ, ಆ ಮಾತ್ರೆ ಬದಲಿಸಿ. ನಿಮ್ಮ ಕಣ್ಣಿಗೆ ಕಾಣುವ ಹತ್ತು ನಿಮಿಷದ ಹಿಂದೆ ಈ ಕಾಗದದ ರಾಶಿ ಇದೆ.

ದಿನಕ್ಕೆ 25 ರೋಗಿಗಳಿಗಿಂತ ಹೆಚ್ಚು ನೋಡಿದರೆ ಸುರಕ್ಷಿತ ಅಲ್ಲ ಅಂತ ವೈದ್ಯರ ಸಂಘ ಬಿಎಂಎ ಹೇಳುತ್ತದೆ. ಡಿಸೆಂಬರ್‌ನಲ್ಲಿ ಆ ಗೆರೆ ದಾಟದ ದಿನ ಅಪರೂಪ.

ಸುಮ್ನೆ ಒಬ್ಬರೇ, ಆ ಅಜಿಥ್ರೋಮೈಸಿನ್ ಬಗ್ಗೆ ಆಮೇಲೆ ಜಗಳ ಆಡುತ್ತೇನೆ.

ಸುಮ್ನೆ_ಒಬ್ಬ

ಡಾಕ್ಟ್ರೇ, ಲೆಕ್ಕ ಒಪ್ಪಿಕೊಂಡೆ. ಆದರೆ ಜನರಿಗೆ ಲೆಕ್ಕ ಬೇಡ, ಡಾಕ್ಟರ್ ಬೇಕು.

ಕೌಂಟರ್_ಹಿಂದಿನಿಂದ

ಆ ಪ್ರಶ್ನೆ ಮೇಲೆ ಪ್ರಶ್ನೆ ಕೇಳುವವರಲ್ಲಿ ನಾನೂ ಒಬ್ಬಳು. ಮಂಡ್ಯದವಳು, ರೆಡಿಂಗ್ ಹತ್ತಿರ ಒಂದು ಸರ್ಜರಿಯ ರಿಸೆಪ್ಷನ್‌ನಲ್ಲಿ ಕೆಲಸ.

ನಾವು ಕುತೂಹಲಕ್ಕೆ ಕೇಳುವುದಿಲ್ಲ. ಎದೆ ನೋವಾ, ಉಸಿರಾಡೋಕೆ ಕಷ್ಟನಾ, ಮಗು ನೀರು ಕುಡಿಯುತ್ತಿದೆಯಾ, ಡಯಾಪರ್ ಒದ್ದೆಯಾಗುತ್ತಿದೆಯಾ ಅಂತ ಕೇಳದೆ ಫೋನ್ ಬಂದ ಕ್ರಮದಲ್ಲೇ ಹಂಚಿಬಿಟ್ಟರೆ ಏನಾಗುತ್ತದೆ? ವೇಗವಾಗಿ ಡಯಲ್ ಮಾಡುವವರಿಗೆ ಡಾಕ್ಟರ್ ಸಿಗುತ್ತಾರೆ. ಕಿವಿ ಸರಿಯಾಗಿ ಕೇಳಿಸದ 82 ವರ್ಷದ ಅಜ್ಜ ಕೊನೆಯಲ್ಲಿರುತ್ತಾರೆ. ನಮಗೆ ತರಬೇತಿ ಕೊಟ್ಟಿರುತ್ತಾರೆ. ಯಾವುದು ಇವತ್ತೇ ಆಗಬೇಕು, ಯಾವುದು ಫಾರ್ಮಸಿಗೆ, ಯಾವುದು ಫಿಸಿಯೋಗೆ ಅಂತ ಬೇರೆ ಮಾಡುವುದು ನಮ್ಮ ಕೆಲಸ. ಅನುಮಾನ ಬಂದರೆ ಡ್ಯೂಟಿ ಡಾಕ್ಟರನ್ನು ಕೇಳುತ್ತೇವೆ.

ಬೈಗುಳ ಎಷ್ಟು ತಿನ್ನುತ್ತೇವೆ ಅಂತ ಹೇಳಿದರೆ ನಂಬಲ್ಲ. ಕೆಲವರು ನನ್ನ ಉಚ್ಚಾರಣೆ ಕೇಳಿ "ಇಂಗ್ಲೆಂಡಿನವರಿಗೆ ಕೊಡಿ ಫೋನ್" ಅನ್ನುತ್ತಾರೆ. ನಮ್ಮವರೇ ಕೆಲವರು ಹೆಸರು ಕೇಳಿದ ಕೂಡಲೇ "ಏನಮ್ಮ, ನೀನೇ ಹೇಗಾದ್ರೂ ಒಂದು ಸ್ಲಾಟ್ ಮಾಡಿಕೊಡು" ಅಂತಾರೆ. ಎರಡೂ ಬೇಡ ನನಗೆ!

ಒಂದು ಮಾತು. 2022ರ ಡಿಸೆಂಬರ್ ನೆನಪಿದೆಯಾ? ಸ್ಟ್ರೆಪ್ ಎ ಎಂಬ ಬ್ಯಾಕ್ಟೀರಿಯಾ ಸೋಂಕಿನ ಸುದ್ದಿ ಬಂದ ವಾರ. ಗಂಟಲು ನೋವು ಅಂದ ಪ್ರತಿ ಮಗುವಿನ ತಂದೆ ತಾಯಿಯೂ ಫೋನ್ ಮಾಡಿದರು. ಮಕ್ಕಳು ಸತ್ತ ಸುದ್ದಿ ಬರುತ್ತಿದ್ದಾಗ ಹೆದರದವರು ಯಾರು, ಅವರದ್ದು ತಪ್ಪಲ್ಲ. ಪೆನಿಸಿಲಿನ್ ಸಿರಪ್ ಸಿಗದೆ ಫಾರ್ಮಸಿಗಳೂ ಒದ್ದಾಡಿದವು. ಆ ವಾರ ನಮ್ಮಲ್ಲಿ ಅರ್ಧ ಸಿಬ್ಬಂದಿ ತಾವೇ ಫ್ಲೂ ಹಿಡಿದು ಮಲಗಿದ್ದರು. ಚಳಿಗಾಲದ ಲೆಕ್ಕದಲ್ಲಿ ಇದನ್ನು ಯಾರೂ ಸೇರಿಸಲ್ಲ.

ಜಯನಗರ_ಟು_ಲೀಡ್ಸ್

ಕೌಂಟರ್ ಅವರೇ, ಆ ಡಯಾಪರ್ ಪ್ರಶ್ನೆ ನನಗೂ ಕೇಳಿದ್ದರು. ಯಾಕೆ ಅಂತ ಈಗ ಗೊತ್ತಾಯಿತು. ಮಗನಿಗೆ ಈಗ ಜ್ವರ ಇಳಿದಿದೆ, ಕೆಮ್ಮು ಮಾತ್ರ ಬಿಟ್ಟಿಲ್ಲ. ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಸರ್ಜರಿಗೆ ಬರೆದು ಕೇಳುವ ಆನ್‌ಲೈನ್ ಫಾರ್ಮ್ ಇಡೀ ದಿನ ತೆರೆದಿರುತ್ತದೆ ಅಂತ ನ್ಯೂಸ್‌ನಲ್ಲಿ ಹೇಳಿದ್ದರಲ್ವಾ? ನಮ್ಮ ಸರ್ಜರಿಯ ಫಾರ್ಮ್ ಹನ್ನೊಂದಕ್ಕೇ ಮುಚ್ಚಿರುತ್ತದೆ.

ದಾವಣಗೆರೆ_ಜಿಪಿ

ಮುಚ್ಚಬಾರದು. 2025ರ ಅಕ್ಟೋಬರ್ 1ರಿಂದ ಸೋಮವಾರದಿಂದ ಶುಕ್ರವಾರ, ಬೆಳಗ್ಗೆ 8ರಿಂದ ಸಂಜೆ 6:30ರವರೆಗೆ ಅದು ತೆರೆದಿರಬೇಕು ಅನ್ನುವುದು ಒಪ್ಪಂದದ ಭಾಗ. ತುರ್ತಲ್ಲದ ವಿಷಯಗಳಿಗೆ, ಮಾತ್ರೆಯ ಪ್ರಶ್ನೆಗಳಿಗೆ, ಕಾಗದಪತ್ರಕ್ಕೆ. ಪ್ರಾಕ್ಟೀಸ್ ಮ್ಯಾನೇಜರ್‌ಗೆ ಬರೆದು ಕೇಳಿ, ಅದು ನಿಮ್ಮ ಹಕ್ಕು.

ಇದರ ಮೇಲೇ ಬಿಎಂಎ ಸರ್ಕಾರದ ಜೊತೆ ಜಗಳಕ್ಕೆ ನಿಂತಿತು. ಕಾರಣ ಸರಳ. ಜನ "ತುರ್ತಲ್ಲ" ಅಂತ ಒತ್ತಿ ಒಳಗೆ "ಬೆಳಗ್ಗೆಯಿಂದ ಎದೆ ಬಿಗಿಯುತ್ತಿದೆ" ಅಂತ ಬರೆದಿರುತ್ತಾರೆ. ನೂರಾರು ಫಾರ್ಮ್‌ಗಳ ನಡುವೆ ಅಂಥದ್ದು ಒಂದು ಕೂತಿದ್ದರೆ, ಅದನ್ನು ಸಂಜೆ ಐದಕ್ಕೆ ಓದಿದರೆ ಏನು ಗತಿ? ಬಾಗಿಲು ದೊಡ್ಡದು ಮಾಡಿದರು, ಒಳಗೆ ಕೂರುವ ಡಾಕ್ಟರ್‌ಗಳ ಸಂಖ್ಯೆ ಅಷ್ಟೇ ಇದೆ. ಹಾಗಂತ ಫಾರ್ಮ್ ಬೇಡ ಅನ್ನುವ ಗುಂಪಿನವನಲ್ಲ ನಾನು. ನಮ್ಮಲ್ಲಿ ಒಬ್ಬ ಡಾಕ್ಟರ್ ಬೆಳಗ್ಗೆಯೆಲ್ಲ ಅದನ್ನೇ ಓದುತ್ತಾರೆ. ಫೋನ್ ಕ್ಯೂ ಕಡಿಮೆಯಾಗಿದೆ. ಆದರೆ ಆ ಡಾಕ್ಟರ್ ಆ ಹೊತ್ತಿನಲ್ಲಿ ಯಾವ ರೋಗಿಯನ್ನೂ ನೋಡುತ್ತಿಲ್ಲ, ಅದೂ ನಿಜ.

ಹಸಿರು_ಶಿಲುಬೆ

ಫಾರ್ಮಸಿಸ್ಟ್ ಇಲ್ಲಿ. "ಫಾರ್ಮಸಿಗೆ ಹೋಗಿ" ಅಂದರೆ ಓಡಿಸಿದರು ಅಂತ ಜನ ತಿಳಿಯುತ್ತಾರೆ. ಇಂಗ್ಲೆಂಡ್‌ನಲ್ಲಿ 2024ರ ಜನವರಿ 31ರಿಂದ ಫಾರ್ಮಸಿ ಫಸ್ಟ್ ಎಂಬ ಯೋಜನೆ ಇದೆ. ಸೈನಸ್, ಗಂಟಲು ನೋವು, ಮಕ್ಕಳ ಕಿವಿ ನೋವು, ಸೋಂಕಾದ ಹುಳುಕಡಿತ, ಇಂಪೆಟೈಗೊ ಅನ್ನುವ ಚರ್ಮದ ಸೋಂಕು, ಸರ್ಪಸುತ್ತು, 16ರಿಂದ 64 ವಯಸ್ಸಿನ ಹೆಂಗಸರ ಮೂತ್ರದ ಸೋಂಕು. ಈ ಏಳಕ್ಕೆ ನಾವೇ ನೋಡಿ, ಬೇಕಿದ್ದರೆ ಆಂಟಿಬಯೋಟಿಕ್ ಕೂಡ ಕೊಡಬಹುದು. ವಯಸ್ಸಿನ ಮಿತಿ ಒಂದೊಂದಕ್ಕೂ ಬೇರೆ. ಕಿವಿ ನೋವಿಗೆ 1ರಿಂದ 17, ಗಂಟಲಿಗೆ 5 ದಾಟಿರಬೇಕು.

ಈಗ ಡೋಲೋ ವಿಷಯ. ಬೆಂಗಳೂರಿನ ಕಂಪನಿಯದ್ದೇ ಮಾತ್ರೆ, ಅಭಿಮಾನ ಇರಲಿ. ಆದರೆ ಅದರಲ್ಲಿ 650 ಮಿಲಿಗ್ರಾಂ ಪ್ಯಾರಸಿಟಮಾಲ್ ಇದೆ, ಇಲ್ಲಿನದ್ದು 500. ಸಾಮಾನ್ಯವಾಗಿ ದೊಡ್ಡವರಿಗೆ 24 ಗಂಟೆಯಲ್ಲಿ 4 ಗ್ರಾಂ ಮೇಲ್ಮಿತಿ. ಡೋಲೋ ನುಂಗಿ, ಮೇಲೆ ಬಿಸಿನೀರಿಗೆ ಲೆಮ್‌ಸಿಪ್ ಪುಡಿ ಹಾಕಿ ಕುಡಿಯುತ್ತಾರೆ. ಅದರಲ್ಲೂ ಪ್ಯಾರಸಿಟಮಾಲ್ ಇದೆ ಅಂತ ಗೊತ್ತೇ ಇರುವುದಿಲ್ಲ. ಎರಡರ ಲೆಕ್ಕವನ್ನೂ ಕೂಡಿಸಿ ನೋಡಿ.

ದಾವಣಗೆರೆ_ಜಿಪಿ

ಈಗ ಅಜಿಥ್ರೋಮೈಸಿನ್ ಜಗಳ. ನೆಗಡಿ, ಫ್ಲೂ ಎರಡೂ ವೈರಸ್. ಆ ಮಾತ್ರೆ ವೈರಸ್‌ಗೆ ಏನೂ ಮಾಡುವುದಿಲ್ಲ. ಕೆಮ್ಮು ಮೂರು ವಾರ ಇರುವುದು ಮಾಮೂಲು. ಮೂರು ದಿನದ ಕೋರ್ಸ್ ನುಂಗಿದವರಿಗೂ, ಜೀರಿಗೆ ಮೆಣಸಿನ ಕಷಾಯ ಕುಡಿದವರಿಗೂ ಅದೇ ಹೊತ್ತಿಗೆ ಗುಣವಾಗುತ್ತದೆ. ಕಷಾಯದವರಿಗೆ ಹೊಟ್ಟೆ ಕೆಡುವುದಿಲ್ಲ, ಅಷ್ಟೇ ವ್ಯತ್ಯಾಸ.

ಸುಮ್ನೆ_ಒಬ್ಬ

ಕಷಾಯ ಒಪ್ಪಿದೆ. ಆದರೆ ಒಂದು ಗಂಭೀರ ಮಾತು ಹೇಳಲೇಬೇಕು. ನನ್ನ ಅತ್ತಿಗೆಗೆ ಹೊಟ್ಟೆ ಉಬ್ಬರ, ಸುಸ್ತು. ಒಂದು ಸಲ ಫಾರ್ಮಸಿಸ್ಟ್, ಒಂದು ಸಲ ನರ್ಸ್, ಇನ್ನೊಂದು ಸಲ ಫೋನಿನಲ್ಲಿ ಯಾರೋ ಲೋಕಮ್, ಅಂದರೆ ತಾತ್ಕಾಲಿಕ ಡಾಕ್ಟರ್. ಪ್ರತಿ ಸಲ ಮೊದಲಿನಿಂದ ಕಥೆ ಹೇಳಬೇಕು. ಪ್ರತಿಯೊಬ್ಬರೂ ತಮ್ಮ ಪಾಲಿನದ್ದು ಮಾತ್ರ ನೋಡಿದರು. ಇಡೀ ಚಿತ್ರ ನೋಡಿದವರು ಯಾರೂ ಇಲ್ಲ. ಕೊನೆಗೆ ಊರಿಗೆ ಹೋದಾಗ ಸ್ಕ್ಯಾನ್ ಮಾಡಿಸಿದೆವು. ಓವರಿಯಲ್ಲಿ ದೊಡ್ಡ ಗಡ್ಡೆ, ಪುಣ್ಯಕ್ಕೆ ಕ್ಯಾನ್ಸರ್ ಅಲ್ಲ. ಇದಕ್ಕೇನು ಹೇಳುತ್ತೀರಿ?

ನಿರ್ವಾಹಕರು

ಯಾವ ಸರ್ಜರಿ, ಯಾವ ಡಾಕ್ಟರ್ ಅಂತ ದಯವಿಟ್ಟು ಯಾರೂ ಹೆಸರು ಹಾಕಬೇಡಿ, ಕೇಳಲೂ ಬೇಡಿ. ಚರ್ಚೆ ಮುಂದುವರಿಸಿ.

ದಾವಣಗೆರೆ_ಜಿಪಿ

ಇದಕ್ಕೆ ಸಮರ್ಥನೆ ಇಲ್ಲ. ಇಂಥದ್ದು ಆಗುತ್ತದೆ. 2019ರಿಂದ ಸರ್ಜರಿಗಳನ್ನು ಮೂವತ್ತು ಐವತ್ತು ಸಾವಿರ ಜನರ ನೆಟ್‌ವರ್ಕ್‌ಗಳಾಗಿ ಸೇರಿಸಿ, ಫಾರ್ಮಸಿಸ್ಟ್, ಫಿಸಿಯೋ, ಪ್ಯಾರಾಮೆಡಿಕ್‌ಗಳಿಗೆ ದುಡ್ಡು ಕೊಟ್ಟರು. ಒಳ್ಳೆಯ ಜನ, ಕೆಲಸಕ್ಕೆ ತುಂಬಾ ಸಹಾಯ. ಮಂಡಿ ನೋವಿಗೆ ನನಗಿಂತ ನಮ್ಮ ಫಿಸಿಯೋ ಮೇಲು. ಆದರೆ ಗೊಂದಲದ ಕೇಸನ್ನು ಒಬ್ಬರೇ ಕಣ್ಣಿಟ್ಟು ನೋಡುವುದು ತಪ್ಪಿಹೋಯಿತು. 2025ರ ಸೆಪ್ಟೆಂಬರ್‌ನಲ್ಲಿ ಜೆಸ್ ರೂಲ್ ಅಂತ ತಂದರು. ಅದೇ ತೊಂದರೆಗೆ ಮೂರು ಸಲ ಬಂದೂ ಗುಣವಾಗದಿದ್ದರೆ, ಏನೂ ಪತ್ತೆಯಾಗದಿದ್ದರೆ, ಮೊದಲಿನಿಂದ ಮತ್ತೆ ಯೋಚಿಸಿ ಅಂತ. ನಿಮ್ಮ ಅತ್ತಿಗೆಯಂಥವರು ಫೋನ್ ಮಾಡಿದಾಗ "ಇದೇ ತೊಂದರೆಗೆ ಮೂರನೇ ಸಲ" ಅಂತ ಮೊದಲ ವಾಕ್ಯದಲ್ಲೇ ಹೇಳಿ. ಜೊತೆಗೆ ಒಬ್ಬರೇ ಡಾಕ್ಟರ್ ಬೇಕು ಅಂತ ಕೇಳಿ. ಒಂದು ವಾರ ಕಾಯಬೇಕಾದರೂ ಅದು ಒಳ್ಳೆಯದು.

ನಾರ್ವೆಯಲ್ಲಿ 45 ಲಕ್ಷ ಜನರ ದಾಖಲೆ ಇಟ್ಟುಕೊಂಡು ಮಾಡಿದ ಅಧ್ಯಯನ 2021ರಲ್ಲಿ ಬಂತು. ಒಂದೇ ಜಿಪಿ ಹತ್ತಿರ 15 ವರ್ಷಕ್ಕೂ ಹೆಚ್ಚು ಇದ್ದವರಲ್ಲಿ ಸಾವಿನ ಪ್ರಮಾಣ ಒಂದೇ ವರ್ಷ ಇದ್ದವರಿಗಿಂತ ಸುಮಾರು ಕಾಲುಭಾಗ ಕಡಿಮೆ. ಆಸ್ಪತ್ರೆ ಸೇರುವುದೂ ಕಡಿಮೆ. ಇಲ್ಲಿ ನಾವು ಬೇಗ ಸಿಗುವುದರ ಹಿಂದೆ ಬಿದ್ದು ಇದನ್ನು ಬಿಟ್ಟುಕೊಟ್ಟಿದ್ದೇವೆ. ಇದು ನನ್ನ ಅಭಿಪ್ರಾಯ, ಎಲ್ಲ ಜಿಪಿಗಳೂ ಒಪ್ಪಬೇಕಿಲ್ಲ.

ಖಾಲಿ_ಸ್ಟೆತಸ್ಕೋಪ್

ಓದುತ್ತಾ ಇದ್ದೆ, ಸುಮ್ಮನಿರಲು ಆಗಲಿಲ್ಲ. ನಾನು ಮೈಸೂರಿನಲ್ಲಿ ಎಂಬಿಬಿಎಸ್, ಇಲ್ಲಿ ಮೂರು ವರ್ಷ ಜಿಪಿ ಟ್ರೇನಿಂಗ್ ಮುಗಿಸಿದೆ. ಜನರಿಗೆ ಜಿಪಿ ಸಿಗುತ್ತಿಲ್ಲ, ನನಗೆ ಜಿಪಿ ಕೆಲಸ ಸಿಗುತ್ತಿಲ್ಲ! ಸರ್ಜರಿಗಳಿಗೆ ಹೊಸ ಡಾಕ್ಟರ್ ಬೇಕು, ಸಂಬಳಕ್ಕೆ ದುಡ್ಡಿಲ್ಲ. ಮೇಲೆ ಹೇಳಿದ ನೆಟ್‌ವರ್ಕ್ ಹಣದಲ್ಲಿ ಫಾರ್ಮಸಿಸ್ಟ್‌ಗಳನ್ನು ಇಟ್ಟುಕೊಳ್ಳಬಹುದಿತ್ತು, ಜಿಪಿಗಳನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ. 2024ರ ಅಕ್ಟೋಬರ್‌ನಿಂದ ಹೊಸದಾಗಿ ಪಾಸಾದ ಜಿಪಿಗಳಿಗೂ ಅವಕಾಶ ಕೊಟ್ಟರು. ಮೊದಲಿಗಿಂತ ಪರವಾಗಿಲ್ಲ, ಆದರೂ ಸಾಲದು.

ನಮ್ಮಂಥವರಿಗೆ ಇನ್ನೊಂದು ಗೋಳಿದೆ. ಬೇರೆ ಸ್ಪೆಷಾಲಿಟಿಯವರ ಟ್ರೇನಿಂಗ್ ಉದ್ದ, ಐದು ವರ್ಷಕ್ಕೆ ಪರ್ಮನೆಂಟ್ ರೆಸಿಡೆನ್ಸಿಗೆ ಅರ್ಜಿ ಹಾಕುತ್ತಾರೆ. ಜಿಪಿಯದ್ದು ಮೂರೇ ವರ್ಷ. ಹಾಗಾಗಿ ವೀಸಾ ಸ್ಪಾನ್ಸರ್ ಮಾಡುವ ಸರ್ಜರಿಯನ್ನೇ ಹುಡುಕಬೇಕು. ಸಣ್ಣ ಸರ್ಜರಿಗಳು ಆ ಲೈಸೆನ್ಸ್ ತಂಟೆಗೇ ಹೋಗುವುದಿಲ್ಲ. ಸದ್ಯಕ್ಕೆ ಅಲ್ಲಿ ಇಲ್ಲಿ ಅರ್ಜಿ ಹಾಕುತ್ತಾ ಕೂತಿದ್ದೇನೆ. ಆಸ್ಟ್ರೇಲಿಯಾದ ಜಾಹೀರಾತು ದಿನಾ ಬರುತ್ತಿದೆ.

ಕಾರ್ಡಿಫ್_ಕಾವೇರಿ

ವೇಲ್ಸ್‌ನಿಂದ ಒಂದು ಮಾತು. ಮೇಲೆ ಹೇಳಿದ ಆನ್‌ಲೈನ್ ನಿಯಮ, ಫಾರ್ಮಸಿ ಫಸ್ಟ್‌ನ ಏಳು ಕಾಯಿಲೆ, ಇವೆಲ್ಲ ಇಂಗ್ಲೆಂಡಿನದ್ದು. ನಮ್ಮಲ್ಲಿ ಬೇರೆ ಏರ್ಪಾಡಿದೆ. ಪ್ರಿಸ್ಕ್ರಿಪ್ಷನ್ ಇಲ್ಲಿ ಉಚಿತ, ಸ್ಕಾಟ್ಲೆಂಡ್‌ನಲ್ಲೂ ಉಚಿತ. ಇಂಗ್ಲೆಂಡಿನವರು ಒಂದು ಔಷಧಿಗೆ 9.90 ಪೌಂಡ್ ಕೊಡುತ್ತೀರಿ. ಸ್ವಲ್ಪ ಹೊಟ್ಟೆ ಉರಿದುಕೊಳ್ಳಿ.

ಆದರೆ ಕಷ್ಟ ಇಲ್ಲೂ ಅದೇ. ಗ್ಲಿನ್‌ಕೊರಗ್ ಎಂಬ ಗಣಿ ಹಳ್ಳಿಯಲ್ಲಿ ಜಿಪಿಯಾಗಿದ್ದ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲೇ ಬರೆದಿದ್ದರು: ಎಲ್ಲಿ ಜನಕ್ಕೆ ವೈದ್ಯರು ಜಾಸ್ತಿ ಬೇಕೋ ಅಲ್ಲೇ ಒಳ್ಳೆಯ ವೈದ್ಯಸೇವೆ ಸಿಗುವುದು ಕಷ್ಟ. ಆ ಕಣಿವೆಗಳಿಗೆ ಇಲ್ಲಿನವರು ಹೋಗಲು ಒಲ್ಲೆ ಎಂದಾಗ ಭಾರತ, ಪಾಕಿಸ್ತಾನದಿಂದ ಬಂದ ಡಾಕ್ಟರ್‌ಗಳು ಹೋಗಿ ದಶಕಗಟ್ಟಲೆ ಸರ್ಜರಿ ನಡೆಸಿದರು. ಅವರು ಈಗ ನಿವೃತ್ತರು. ಅವರ ಜಾಗಕ್ಕೆ ಬರಬೇಕಾದವರು ಮೇಲಿನ ಖಾಲಿ ಸ್ಟೆತಸ್ಕೋಪ್‌ನಂಥವರು. ಅವರಿಗೆ ವೀಸಾ ತಲೆನೋವು. ವಿಚಿತ್ರ ಅಲ್ವಾ?

ಬೂಷ್ಟು_ಮನೆ

ನನ್ನದು ಬೇರೆ ಗೋಳು. ಬಾಡಿಗೆ ಮನೆ, ಗೋಡೆ ತುಂಬ ಕಪ್ಪು ಬೂಷ್ಟು. ಮಗಳಿಗೆ ರಾತ್ರಿಯೆಲ್ಲ ವೀಜಿಂಗ್, ಉಸಿರಾಡುವಾಗ ಸುಯ್ ಅನ್ನುವ ಸದ್ದು. ಮನೆ ಮಾಲೀಕರಿಗೆ ಕೊಡಲು ಪತ್ರ ಬರೆದುಕೊಡಿ ಎಂದು ಜಿಪಿಯನ್ನು ಕೇಳಿದರೆ, ಅಂಥ ಪತ್ರ ಬರೆಯುವುದಿಲ್ಲ ಅಂದರು.

ಕೌಂಟರ್_ಹಿಂದಿನಿಂದ

ಈ ಕಾಲದಲ್ಲಿ ಇಂಥ ಪತ್ರದ ಕೋರಿಕೆ ತುಂಬಾ ಬರುತ್ತವೆ. ಪತ್ರ ಬರೆಯುವುದು ಒಪ್ಪಂದದ ಕೆಲಸ ಅಲ್ಲ, ಅದಕ್ಕೆ ಬಹಳ ಸರ್ಜರಿಗಳು ಇಲ್ಲ ಅನ್ನುತ್ತವೆ ಅಥವಾ ಫೀಸ್ ಕೇಳುತ್ತವೆ. ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ಮಗಳ ದಾಖಲೆ ನೋಡಲು ಅನುಮತಿ ಕೇಳಿ. ವೀಜಿಂಗ್‌ಗೆ ಬಂದ ದಿನಾಂಕ, ಕೊಟ್ಟ ಇನ್ಹೇಲರ್ ಎಲ್ಲ ಅದರಲ್ಲಿರುತ್ತದೆ. ಅದನ್ನೇ ಪ್ರಿಂಟ್ ತೆಗೆದು ಕೊಡಿ, ಕೌನ್ಸಿಲ್‌ನ ಎನ್ವಿರಾನ್‌ಮೆಂಟಲ್ ಹೆಲ್ತ್‌ಗೂ ದೂರು ಕೊಡಿ. 2025ರ ಅಕ್ಟೋಬರ್ 27ರಿಂದ ಅವಾಬ್ ಕಾನೂನು ಬಂದಿದೆ, ಬೂಷ್ಟಿನ ದೂರಿಗೆ ಗಡುವಿನೊಳಗೆ ಕ್ರಮ ತಗೊಳ್ಳಬೇಕು. ಆದರೆ ಸದ್ಯಕ್ಕೆ ಸೋಷಿಯಲ್ ಹೌಸಿಂಗ್‌ಗೆ (ಕೌನ್ಸಿಲ್, ವಸತಿ ಸಂಸ್ಥೆಗಳ ಬಾಡಿಗೆ ಮನೆಗಳಿಗೆ) ಮಾತ್ರ, ಖಾಸಗಿ ಬಾಡಿಗೆಗೆ ಇನ್ನೂ ಇಲ್ಲ. ಮಗಳಿಗೆ ಉಸಿರಾಟ ಜಾಸ್ತಿ ಕಷ್ಟವಾದರೆ ಪತ್ರ ಗಿತ್ರ ಬಿಡಿ, ಅವತ್ತೇ ಫೋನ್ ಮಾಡಿ. ತೀರಾ ಕಷ್ಟವಾದರೆ ಆಂಬುಲೆನ್ಸ್‌ಗೆ 999.

ಬೂಷ್ಟು_ಮನೆ

ಥ್ಯಾಂಕ್ಸ್. ದಾಖಲೆ ವಿಷಯ ಹೊಳೆದೇ ಇರಲಿಲ್ಲ.

ಸ್ಲೌ_ಸೊಸೆ

ಅತ್ತೆ ಮಾವ ಶಿವಮೊಗ್ಗದಿಂದ ಎರಡು ತಿಂಗಳಿಗೆ ಬಂದಿದ್ದಾರೆ, ವಿಸಿಟರ್ ವೀಸಾ. ಮಾವನಿಗೆ ಶುಗರ್ ಇದೆ, ಈಗ ಕೆಮ್ಮು ಕಫ. ಅವರಿಗೆ ಜಿಪಿ ಸಿಗುತ್ತಾರಾ? ಬಿಲ್ ಬರುತ್ತದಾ?

ಕೌಂಟರ್_ಹಿಂದಿನಿಂದ

ಇಂಗ್ಲೆಂಡ್‌ನಲ್ಲಿ ಜಿಪಿ ನೋಡುವುದು ಯಾರಿಗಾದರೂ ಉಚಿತ, ವಿಸಿಟರ್‌ಗೂ. 24 ಗಂಟೆಗಿಂತ ಜಾಸ್ತಿ, ಮೂರು ತಿಂಗಳಿಗಿಂತ ಕಡಿಮೆ ಇರುವವರು ಟೆಂಪರರಿ ಅಂತ ಹೆಸರು ಬರೆಸಬಹುದು. ವಿಳಾಸದ ಪುರಾವೆ, ವೀಸಾ ತೋರಿಸಲೇಬೇಕು ಅಂತಿಲ್ಲ. ಎ ಆ್ಯಂಡ್ ಇ (ಆಸ್ಪತ್ರೆಯ ತುರ್ತು ವಿಭಾಗ) ಒಳಗೆ ನೋಡುವುದಕ್ಕೂ ದುಡ್ಡಿಲ್ಲ. ಆದರೆ ಅಡ್ಮಿಟ್ ಮಾಡಿಕೊಂಡರೆ ಬಿಲ್ ಶುರು, ಅದೂ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು. ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಹಿರಿಯರನ್ನು ಚಳಿಗಾಲದಲ್ಲಿ ಕರೆಸಬೇಡಿ, ಇದು ನನ್ನ ಕಳಕಳಿಯ ಮಾತು.

ದಾವಣಗೆರೆ_ಜಿಪಿ

ಶುಗರ್ ಇರುವವರಿಗೆ ಕಫದ ಜೊತೆ ಜ್ವರ, ಏದುಸಿರು, ಗೊಂದಲ ಬಂದರೆ ಕಾಯಬೇಡಿ. ಅವತ್ತೇ ಸರ್ಜರಿ, ಮುಚ್ಚಿದ್ದರೆ ಎನ್‌ಎಚ್‌ಎಸ್ ಸಹಾಯವಾಣಿ 111.

ಇಲ್ಲೇ ನೆಲೆಸಿದವರಿಗೆ: ಫ್ಲೂ ಲಸಿಕೆ ಇನ್ನೂ ತಗೊಂಡಿಲ್ಲದಿದ್ದರೆ ಈಗಲೂ ತಡವಾಗಿಲ್ಲ. 65 ದಾಟಿದವರು, ಗರ್ಭಿಣಿಯರು, ಶುಗರ್ ಇರುವವರು, ಇನ್ಹೇಲರ್‌ನಲ್ಲಿ ಸ್ಟೆರಾಯ್ಡ್ ತೆಗೆದುಕೊಳ್ಳುವ ಅಸ್ತಮಾದವರು, ಎರಡು ಮೂರು ವರ್ಷದ ಮಕ್ಕಳು, ಶಾಲೆ ಮಕ್ಕಳು, ಎಲ್ಲರಿಗೂ ಉಚಿತ. ಈ ಸಲ, 2025ರ ಚಳಿಗಾಲದಲ್ಲಿ, ಫ್ಲೂ ವಾರಗಟ್ಟಲೆ ಮೊದಲೇ ಶುರುವಾಗಿದೆ, ಎಚ್3ಎನ್2 ಎಂಬ ಬಗೆ ಓಡಾಡುತ್ತಿದೆ. ಮಕ್ಕಳ ಮೂಗಿನ ಸ್ಪ್ರೇಯಲ್ಲಿ ಹಂದಿಯ ಜೆಲಾಟಿನ್ ಇದೆ ಅಂತ ನಮ್ಮವರಲ್ಲಿ ಕೆಲವರು ಸಹಿ ಹಾಕದೆ ಫಾರ್ಮ್ ವಾಪಸ್ ಕಳಿಸುತ್ತಾರೆ. ಬೇಡವಾದರೆ ಅದು ಇಲ್ಲದ ಇಂಜೆಕ್ಷನ್ ಕೊಡುತ್ತಾರೆ, ಕೇಳಿ. ಸುಮ್ನೆ ಬಿಟ್ಟುಬಿಡಬೇಡಿ.

ಜಯನಗರ_ಟು_ಲೀಡ್ಸ್

ಅಯ್ಯೋ, ನರ್ಸರಿ ಮಕ್ಕಳಿಗೆ ಶಾಲೆಯಲ್ಲೇ ಕೊಡುತ್ತಾರಾ?

ದಾವಣಗೆರೆ_ಜಿಪಿ

ರಿಸೆಪ್ಷನ್ ಕ್ಲಾಸ್‌ನಿಂದ (ಶಾಲೆಯ ಮೊದಲ ವರ್ಷ) ಮೇಲಿನವರಿಗೆ ಶಾಲೆಯಲ್ಲಿ. ಆಗಸ್ಟ್ 31ಕ್ಕೆ ಎರಡು ಅಥವಾ ಮೂರು ವರ್ಷ ಆಗಿದ್ದವರಿಗೆ ಜಿಪಿ ಹತ್ತಿರ. ನಿಮ್ಮ ಮಗನ ಹುಟ್ಟಿದ ತಿಂಗಳು ನೋಡಿಕೊಳ್ಳಿ. ಜ್ವರ ಪೂರ್ತಿ ಹೋಗಲಿ, ಆಮೇಲೆ.

ಹಸಿರು_ಶಿಲುಬೆ

ಎಲ್ಲರಿಗೂ ಒಂದು ಕೋರಿಕೆ. ಈ ವರ್ಷ, 2025ರಲ್ಲಿ, ಕ್ರಿಸ್‌ಮಸ್ ಗುರುವಾರ, ಮರುದಿನದ ರಜೆ ಬಾಕ್ಸಿಂಗ್ ಡೇ ಶುಕ್ರವಾರ, ಆಮೇಲೆ ವೀಕೆಂಡ್. ಸರ್ಜರಿಗಳು ಒಟ್ಟಿಗೆ ನಾಲ್ಕು ದಿನ ಬಂದ್. ಬಿಪಿ, ಥೈರಾಯ್ಡ್, ಶುಗರ್ ಮಾತ್ರೆಗಳ ರಿಪೀಟ್ ಆರ್ಡರ್ ಈ ವಾರವೇ ಆ್ಯಪ್‌ನಲ್ಲಿ ಹಾಕಿಬಿಡಿ. 24ನೇ ತಾರೀಖು ಮಧ್ಯಾಹ್ನ ಬಂದು ನಿಲ್ಲಬೇಡಿ.

ಸುಮ್ನೆ_ಒಬ್ಬ

ಆ ನಾಲ್ಕು ದಿನದಲ್ಲಿ ಮಾತ್ರೆ ಮುಗಿದರೆ?

ಹಸಿರು_ಶಿಲುಬೆ

111 ಆನ್‌ಲೈನ್‌ನಲ್ಲಿ ತುರ್ತು ಪ್ರಿಸ್ಕ್ರಿಪ್ಷನ್ ಕೇಳಬಹುದು. ಹತ್ತಿರದಲ್ಲಿ ತೆರೆದಿರುವ ಫಾರ್ಮಸಿಗೆ ಕಳಿಸುತ್ತಾರೆ, ಕೆಲವು ದಿನಕ್ಕೆ ಸಾಕಾಗುವಷ್ಟು ಸಿಗುತ್ತದೆ. ಖಾಲಿ ಡಬ್ಬಿ ಅಥವಾ ಹಳೆಯ ಚೀಟಿ ಜೊತೆಗಿರಲಿ. ಸೂಟ್‌ಕೇಸ್‌ನ ಅಜಿಥ್ರೋಮೈಸಿನ್ ತರಬೇಕಿಲ್ಲ.

ಸುಮ್ನೆ_ಒಬ್ಬ

ಅದನ್ನು ಎಲ್ಲಿ ಎಸೆಯಬೇಕು ಅಂತಲೂ ಹೇಳಿಬಿಡಿ ಹಾಗಾದ್ರೆ.

ಹಸಿರು_ಶಿಲುಬೆ

ಕಸದ ಬುಟ್ಟಿಗೂ ಬೇಡ, ಸಿಂಕಿಗೂ ಬೇಡ. ಯಾವ ಫಾರ್ಮಸಿಗಾದರೂ ತಂದುಕೊಡಿ, ತಗೊಳ್ಳುತ್ತಾರೆ.